ಫಿಲ್ಮ್ ಪ್ರಕ್ಷೇಪಣ

ಚಿತ್ರಮಂದಿರದಲ್ಲಿ ಫಿಲ್ಮಿನ ಸುರುಳಿಯನ್ನು ಯಂತ್ರಕ್ಕೆ ಪೋಣಿಸಿ, ಬೆಳಕು ಹಾಯಿಸಿ, ತೆರೆಯ ಮೇಲೆ ಚಲಿಸುವ ಚಿತ್ರವಾಗಿ ತೋರಿಸುವ ಕೆಲಸ. ಸುರುಳಿಗಳನ್ನು ಪರೀಕ್ಷಿಸುವುದು, ಹರಿದಲ್ಲಿ ಅಂಟಿಸುವುದು, ಹಿಂದಕ್ಕೆ ಸುತ್ತಿ ಮುಂದಿನ ಆಟಕ್ಕೆ ಅಣಿಗೊಳಿಸುವುದು ಕೂಡ ಇದರಲ್ಲೇ ಸೇರುತ್ತದೆ. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟಿಟ್ಟು ಚಿತ್ರ ತೋರಿಸಿದರು; 1896ರ ಜುಲೈ 7ರಂದು ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದವು. ಅಲ್ಲಿಂದ 21ನೆಯ ಶತಮಾನದ ಮೊದಲ ದಶಕದವರೆಗೆ ಜಗತ್ತಿನ ಚಿತ್ರಮಂದಿರಗಳು ಬಹುಪಾಲು ನಡೆದದ್ದು ಫಿಲ್ಮಿನ ಮೇಲೆಯೇ. ಕರ್ನಾಟಕದಲ್ಲಿ ಈ ಕೆಲಸ ಮಾಡುವವರಿಗೆ ಆಪರೇಟರ್ ಎಂದೇ ಹೆಸರು.

ಫಿಲ್ಮ್ ಒಂದು ವಸ್ತು. ಯಂತ್ರದೊಳಗೆ ಹಾದುಹೋದಾಗಲೆಲ್ಲ ಅದು ಒಂದಿಷ್ಟು ಸವೆಯುತ್ತದೆ, ಆದ್ದರಿಂದ ತೋರಿಸದೆ ಇಟ್ಟರೆ ಉಳಿಯುವ ಚಿತ್ರ ತೋರಿಸಿದಷ್ಟೂ ಹಾಳಾಗುತ್ತದೆ. ಹಾಳಾಗುವ ವೇಗವನ್ನು ತಡೆದು ಹಿಡಿಯುವುದೇ ಆಪರೇಟರ್ ವಿದ್ಯೆಯ ತಿರುಳು. ಒಂದೇ ಚಿತ್ರದ ಎರಡು ಪ್ರಿಂಟುಗಳಲ್ಲಿ ಒಂದು ನೂರು ದಿನ ಓಡಿಯೂ ಸ್ವಚ್ಛವಾಗಿರುತ್ತಿತ್ತು. ಇನ್ನೊಂದು ಮೂರೇ ವಾರದಲ್ಲಿ ತೆರೆ ತುಂಬ ಮಳೆ ಸುರಿದಂತೆ ಗೆರೆಗಳನ್ನು ತುಂಬಿಕೊಳ್ಳುತ್ತಿತ್ತು. ಈ ವ್ಯತ್ಯಾಸ ಹುಟ್ಟುತ್ತಿದ್ದುದು ಬಹುಮಟ್ಟಿಗೆ ಆಪರೇಟರ್ ಕೋಣೆಯಲ್ಲಿ. ಸಿನಿಮಾ ಚರಿತ್ರೆಗಳು ಛಾಯಾಗ್ರಾಹಕರಿಗೆ, ಸಂಕಲನಕಾರರಿಗೆ ಕೊಟ್ಟ ಜಾಗದಲ್ಲಿ ಒಂದು ಪಾಲನ್ನೂ ಈ ಕೈಗಳಿಗೆ ಕೊಟ್ಟಿಲ್ಲ, ಅದು ಸರಿಯಲ್ಲ.

ಫಿಲ್ಮಿನ ಲೆಕ್ಕ

ಚಿತ್ರಮಂದಿರದ ಫಿಲ್ಮಿನ ಅಗಲ 35 ಮಿ.ಮೀ., ಒಂದೊಂದು ಫ್ರೇಮಿನ ಎರಡೂ ಅಂಚಿಗೆ ನಾಲ್ಕು ನಾಲ್ಕು ತೂತು. ಎಡಿಸನ್ ಅವರ ಪ್ರಯೋಗಾಲಯದಲ್ಲಿ ಡಬ್ಲ್ಯು.ಕೆ.ಎಲ್. ಡಿಕ್ಸನ್ 1890ರ ದಶಕದ ಆರಂಭದಲ್ಲಿ ಗೊತ್ತುಮಾಡಿದ ಈ ಅಳತೆ ನೂರು ವರ್ಷ ದಾಟಿದರೂ ಕದಲಲಿಲ್ಲ. ಅಡಿಗೆ 16 ಫ್ರೇಮು. ಮಾತಿನ ಚಿತ್ರಗಳು ಬಂದ ಮೇಲೆ ವೇಗ ಸೆಕೆಂಡಿಗೆ 24 ಫ್ರೇಮಿಗೆ ನೆಲೆನಿಂತಿತು, ಅಂದರೆ ನಿಮಿಷಕ್ಕೆ 90 ಅಡಿ. 1,000 ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ನಮ್ಮ ಸೆನ್ಸಾರ್ ಸರ್ಟಿಫಿಕೇಟುಗಳಲ್ಲಿ ಮೀಟರಿನ ಜೊತೆಗೆ ರೀಲುಗಳ ಸಂಖ್ಯೆಯನ್ನೂ ಬರೆಯುತ್ತಿದ್ದುದು ಈ ಲೆಕ್ಕದ ಮೇಲೆ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ ಫಿಲ್ಮು. ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ, 2,16,000 ಫ್ರೇಮುಗಳು, ಡಬ್ಬಗಳನ್ನು ಬಿಟ್ಟರೂ ಮೂವತ್ತು ಕಿಲೋ ಮೀರುವ ತೂಕ.

ಇಷ್ಟು ಉದ್ದದ ಪಟ್ಟಿಯಲ್ಲಿ ಒಂದು ಚಿತ್ರದ ಅಗಲ ಬರೀ 21 ಮಿ.ಮೀ. ಹನ್ನೆರಡು ಮೀಟರ್ ಅಗಲದ ತೆರೆಗೆ ಅದು ಸುಮಾರು 570 ಪಟ್ಟು ಹಿಗ್ಗುತ್ತದೆ. ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನಷ್ಟಿರುವ ಧೂಳಿನ ಕಣ ನಾಯಕಿಯ ಮುಖದ ಮೇಲೆ ಆರು ಸೆಂಟಿಮೀಟರಿನ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಆಪರೇಟರ್ ಕೋಣೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಪೊರಕೆಯಿಂದ ಗುಡಿಸಬಾರದು ಎಂದು ಹಳಬರು ಹಟ ಹಿಡಿಯುತ್ತಿದ್ದುದಕ್ಕೆ ಇದೇ ಕಾರಣ.

ಪೆಟ್ಟಿಗೆಯಿಂದ ಮೇಜಿಗೆ

ಕನ್ನಡ ಚಿತ್ರಗಳ ಪ್ರಿಂಟುಗಳು ಬಹುಕಾಲ ತಯಾರಾಗುತ್ತಿದ್ದುದು ಮದರಾಸಿನ ಲ್ಯಾಬುಗಳಲ್ಲಿ. ಅಲ್ಲಿಂದ ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಕಚೇರಿಗೆ, ಗಾಂಧಿನಗರದಿಂದ ತಗಡಿನ ಪೆಟ್ಟಿಗೆಗಳಲ್ಲಿ ರೈಲು, ಬಸ್ಸು ಹತ್ತಿ ಜಿಲ್ಲೆಗಳಿಗೆ. ಮೊದಲು ದೊಡ್ಡ ಊರು, ಆಮೇಲೆ ತಾಲ್ಲೂಕು, ಕಡೆಗೆ ಟೆಂಟು. ಹೀಗೆ ಇಳಿಯುತ್ತ ಹೋಗುವ ಪ್ರಿಂಟು ಹಳ್ಳಿಯ ತೆರೆಗೆ ಬರುವ ಹೊತ್ತಿಗೆ ಎಷ್ಟೋ ಕೈ ಬದಲಾಯಿಸಿರುತ್ತಿತ್ತು.

ಪೆಟ್ಟಿಗೆ ಬಂದ ಕೂಡಲೇ ನಡೆಯಬೇಕಾದ ಕೆಲಸ ತಪಾಸಣೆ. ರಿವೈಂಡಿಂಗ್ ಮೇಜಿನ ಮೇಲೆ ಎರಡು ಸ್ಪೂಲ್‌ಗಳ ನಡುವೆ ಫಿಲ್ಮನ್ನು ನಿಧಾನವಾಗಿ ಓಡಿಸುತ್ತ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದರ ಅಂಚುಗಳನ್ನು ಹಗುರವಾಗಿ ಹಿಡಿದಿರುತ್ತಾರೆ. ಸೀಳಿದ ತೂತು, ಬಾಯ್ಬಿಟ್ಟ ಜಾಯಿಂಟು, ಕಚ್ಚಿದ ಅಂಚು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತವೆ. ಚಿತ್ರವಿರುವ ಭಾಗವನ್ನು ಮುಟ್ಟುವಂತಿಲ್ಲ. ಬೆವರಿನ ಗುರುತು ಬಿದ್ದರೆ ಅಲ್ಲಿ ಧೂಳು ಕೂರುತ್ತದೆ. ಧೂಳು ಕೂತ ಫಿಲ್ಮು ಯಂತ್ರದಲ್ಲಿ ಬೆಳಕು ಹಾಯುವ ಗೇಟಿನಲ್ಲಿ ಉಜ್ಜಿ ಗೆರೆ ಬೀಳುತ್ತದೆ.

ಹರಿದ ಫಿಲ್ಮನ್ನು ಕೂಡಿಸುವುದಕ್ಕೆ ಜಾಯಿಂಟ್ ಹಾಕುವುದೆನ್ನುತ್ತಾರೆ. ಎರಡು ತುದಿಗಳನ್ನೂ ಫ್ರೇಮಿನ ಗೆರೆಗೆ ಸರಿಯಾಗಿ ಕತ್ತರಿಸಿ, ಒಂದು ತುದಿಯ ಚಿತ್ರಪದರವನ್ನು ಬ್ಲೇಡಿನಿಂದ ಕೆರೆದು ಪಾರದರ್ಶಕ ಹಾಳೆಯನ್ನು ಹೊರತರಬೇಕು. ಕೆರೆದದ್ದು ಸಾಲದಿದ್ದರೆ ಅಂಟು ಹಿಡಿಯುವುದಿಲ್ಲ, ಹೆಚ್ಚಾದರೆ ಹಾಳೆಯೇ ತೆಳುವಾಗಿ ಮುರಿಯುತ್ತದೆ. ಮೇಲೆ ಕುಂಚದಿಂದ ಒಂದೇ ಎಳೆತಕ್ಕೆ ಫಿಲ್ಮ್ ಸಿಮೆಂಟ್ ಹಚ್ಚಿ ಒತ್ತಿ ಹಿಡಿಯುತ್ತಾರೆ. ಈ ಸಿಮೆಂಟು ಬರಿಯ ಗೋಂದಲ್ಲ. ಅಸಿಟೇಟ್ ಹಾಳೆಯನ್ನು ಕರಗಿಸಿ ಎರಡು ತುದಿಗಳನ್ನು ಒಂದರೊಳಗೊಂದು ಬೆಸೆಯುತ್ತದೆ. ಕತ್ತರಿಸಿದ ಜಾಗ ಒಂದೇ ತೂತಿನಷ್ಟು ತಪ್ಪಿದರೂ ಜಾಯಿಂಟು ದಾಟುತ್ತಿದ್ದಂತೆ ತೆರೆಯ ಮೇಲೆ ಫ್ರೇಮಿನ ಗೆರೆ ಇಣುಕುತ್ತದೆ. ಎರಡು ತೂತು ತಪ್ಪಿದರೆ ಕಾಲು ಮೇಲೆ, ತಲೆ ಕೆಳಗೆ. ಸಭಾಂಗಣದಲ್ಲಿ ಶಿಳ್ಳೆ ಏಳುವ ಮೊದಲೇ ಫ್ರೇಮಿಂಗ್ ತಿರುಪನ್ನು ತಿರುಗಿಸಿ ಸರಿಪಡಿಸುವ ಆಪರೇಟರ್ ಜಾಗೃತನೆಂದು ಲೆಕ್ಕ.

ಪ್ರತಿ ಜಾಯಿಂಟೂ ಕೆಲವು ಫ್ರೇಮುಗಳನ್ನು ನುಂಗುತ್ತದೆ. ಯಂತ್ರಕ್ಕೆ ಹಾಕುವಾಗ, ತೆಗೆಯುವಾಗ ಕೈ ಬೀಳುವುದು ರೀಲಿನ ಮೊದಲಿಗೆ ಮತ್ತು ಕೊನೆಗೆ. ಹೆಚ್ಚು ಹರಿಯುವುದೂ ಅಲ್ಲೇ. ಹಳೆಯ ಪ್ರಿಂಟುಗಳಲ್ಲಿ ಮಾತು ಅರ್ಧಕ್ಕೆ ಕಡಿದು ಮುಂದಿನ ದೃಶ್ಯಕ್ಕೆ ಹಾರುವ ಜಾಗಗಳನ್ನು ಗುರುತುಮಾಡಿ ನೋಡಿದರೆ ಅವು ಸಾಮಾನ್ಯವಾಗಿ ರೀಲು ಬದಲಾಗುವ ಕಡೆಯೇ ಇರುತ್ತವೆ. ಕತ್ತರಿಸಿ ಎಸೆದ ತುಣುಕುಗಳು ಊರ ಮಕ್ಕಳ ಪಾಲಾಗುತ್ತಿದ್ದವು. ನೀರು ತುಂಬಿದ ಬಲ್ಬು, ಕನ್ನಡಿ, ಬಿಸಿಲು ಇಷ್ಟನ್ನಿಟ್ಟುಕೊಂಡು ಮನೆಯ ಕತ್ತಲೆ ಕೋಣೆಯಲ್ಲಿ ಆ ತುಣುಕುಗಳನ್ನು ಗೋಡೆಗೆ ಬಿಟ್ಟು ನೋಡಿದ ಒಂದು ತಲೆಮಾರೇ ಕರ್ನಾಟಕದಲ್ಲಿದೆ.

ಗೆರೆಗಳ ಬಣ್ಣ ನೋಡಿ ಗಾಯದ ಆಳ ಹೇಳಬಹುದು. ಹಾಳೆಯ ಬೆನ್ನಿನ ಮೇಲೆ ಬಿದ್ದ ಗೀರು ಬೆಳಕನ್ನು ಚದುರಿಸುವುದರಿಂದ ತೆರೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಇನ್ನೊಂದು ಬದಿಯಲ್ಲಿ ಬಣ್ಣದ ಮೂರು ಪದರಗಳಿವೆ. ಎಲ್ಲಕ್ಕಿಂತ ಮೇಲಿರುವ ಕೆನ್ನೇರಳೆ ಪದರ ಮಾತ್ರ ಕೆತ್ತಿ ಹೋಗಿದ್ದರೆ ಗೆರೆ ಹಸಿರು; ಅದರ ಕೆಳಗಿನ ನೀಲಿ ಹಸಿರು ಪದರವೂ ಹೋಗಿದ್ದರೆ ಹಳದಿ; ಮೂರೂ ಹೋದರೆ ಬಿಳಿ. ಒಂದೇ ಜಾಗದಲ್ಲಿ ನೆಟ್ಟಗೆ, ರೀಲಿನುದ್ದಕ್ಕೂ ನಿಂತ ಹಸಿರು ಗೆರೆ ಕಂಡರೆ ಯಂತ್ರದ ಯಾವುದೋ ರೋಲರ್ ತಿರುಗದೆ ನಿಂತಿದೆ ಎಂದರ್ಥ. ಅಲ್ಲಲ್ಲಿ ಚದುರಿದ ಚಿಕ್ಕ ಗೀರುಗಳಿಗೆ ಬೇರೆ ಮೂಲವಿದೆ. ಸಡಿಲವಾಗಿ ಸುತ್ತಿದ ಸುರುಳಿಯ ತುದಿ ಹಿಡಿದು ಎಳೆದು ಬಿಗಿಮಾಡಿದಾಗ ಸುತ್ತುಗಳು ಒಂದಕ್ಕೊಂದು ಉಜ್ಜಿ, ನಡುವಿನ ಧೂಳೆಲ್ಲ ಮರಳುಕಾಗದದ ಕೆಲಸ ಮಾಡಿರುತ್ತದೆ. ಮೊದಲಿನಿಂದಲೇ ಒಂದೇ ಬಿಗುವಿನಲ್ಲಿ, ಅವಸರವಿಲ್ಲದೆ ಸುತ್ತುವುದೊಂದೇ ಇದಕ್ಕೆ ಪರಿಹಾರ.

ಯಂತ್ರದೊಳಗಿನ ದಾರಿ

ಪ್ರೊಜೆಕ್ಟರಿಗೆ ಫಿಲ್ಮನ್ನು ತಲೆಕೆಳಗಾಗಿ ಹಾಕುತ್ತಾರೆ, ಮಸೂರ ಅದನ್ನು ನೇರ ಮಾಡುತ್ತದೆ. ಮೇಲಿನ ಸ್ಪೂಲಿನಿಂದ ಇಳಿದ ಫಿಲ್ಮು ಹಲ್ಲಿನ ಗಾಲಿಯನ್ನು ಬಳಸಿ, ಒಂದು ಸಡಿಲ ಬಳಸು ಬಿಟ್ಟುಕೊಂಡು ಗೇಟಿಗೆ ಬರುತ್ತದೆ. ಗೇಟಿನ ಕೆಳಗೆ ಇಂಟರ್‌ಮಿಟೆಂಟ್ ಗಾಲಿ, ಮತ್ತೊಂದು ಸಡಿಲ ಬಳಸು, ಸೌಂಡ್ ಹೆಡ್, ಕೊನೆಗೆ ಕೆಳಗಿನ ಸ್ಪೂಲು.

ಇಡೀ ಯಂತ್ರದ ಜೀವ ಇಂಟರ್‌ಮಿಟೆಂಟ್‌ನಲ್ಲಿದೆ. ಚಿತ್ರ ಚಲಿಸಿದಂತೆ ಕಾಣಬೇಕಾದರೆ ಒಂದೊಂದು ಫ್ರೇಮೂ ಗೇಟಿನಲ್ಲಿ ಕ್ಷಣಕಾಲ ಅಲುಗಾಡದೆ ನಿಲ್ಲಬೇಕು. ನಾಲ್ಕು ಸೀಳುಗಳ ಜಿನೀವಾ ಚಕ್ರಕ್ಕೆ ಜೋಡಿಸಿದ ಹದಿನಾರು ಹಲ್ಲಿನ ಗಾಲಿ ಒಂದೊಂದು ಸಲಕ್ಕೆ ಕಾಲು ಸುತ್ತು ತಿರುಗಿ ನಾಲ್ಕು ತೂತು, ಅಂದರೆ ಸರಿಯಾಗಿ ಒಂದು ಫ್ರೇಮು ಎಳೆದು ನಿಲ್ಲುತ್ತದೆ. ಎಳೆತಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸುಮಾರು 96ನೇ ಒಂದು ಭಾಗ. ಅದರ ಮೂರರಷ್ಟು ಹೊತ್ತು ವಿಶ್ರಾಂತಿ. ಎಳೆಯುವಾಗ ಚಿತ್ರ ಕಲಸಿಹೋಗದಂತೆ ಷಟರಿನ ಒಂದು ಎಲೆ ಬೆಳಕನ್ನು ಮರೆಮಾಡುತ್ತದೆ. ಇನ್ನೊಂದು ಎಲೆ ನಿಂತ ಫ್ರೇಮನ್ನೇ ಒಮ್ಮೆ ಮರೆಮಾಡಿ ತೋರಿಸುತ್ತದೆ. ಹೀಗೆ ಸೆಕೆಂಡಿಗೆ 48 ಸಲ ಮಿನುಗುವುದರಿಂದ ಕಣ್ಣಿಗೆ ಮಿನುಗು ತಿಳಿಯುವುದಿಲ್ಲ. ಪ್ರೇಕ್ಷಕರು ಆಟದ ಹೆಚ್ಚುಕಡಿಮೆ ಅರ್ಧ ಹೊತ್ತು ಕತ್ತಲೆಯನ್ನೇ ನೋಡುತ್ತಿರುತ್ತಾರೆ.

ಮೇಲಿನ ಗಾಲಿ ಸಮನಾಗಿ ಉಣಿಸುತ್ತದೆ, ಗೇಟು ಜಗ್ಗಿ ಜಗ್ಗಿ ಎಳೆಯುತ್ತದೆ. ಇವೆರಡರ ನಡುವಿನ ಜಗ್ಗಾಟವನ್ನು ಹೀರಿಕೊಳ್ಳಲೆಂದೇ ಸಡಿಲ ಬಳಸು. ವುಡ್‌ವಿಲ್ ಲೇಥಮ್ ಎಂಬವರ ಹೆಸರಿನಲ್ಲಿ 1895ರಿಂದ ಪ್ರಸಿದ್ಧವಾದ ಲೂಪು ಇದೇ. ಲೂಪು ಚಿಕ್ಕದಾದರೆ ತೂತುಗಳು ಸೀಳುತ್ತವೆ, ದೊಡ್ಡದಾದರೆ ಯಂತ್ರದ ಗೋಡೆಗೆ ತಾಗಿ ಗೀರು ಬೀಳುತ್ತದೆ. ಕೆಳಗಿನ ಲೂಪಿನ ಅಳತೆಯ ಮೇಲೆ ಮಾತೂ ನಿಂತಿದೆ. ಗೇಟಿನಲ್ಲಿ ಫಿಲ್ಮು ಜಗ್ಗಿಕೊಂಡು ಚಲಿಸುವುದರಿಂದ ಧ್ವನಿಯನ್ನು ಅಲ್ಲಿ ಓದಲಾಗದು. ಹಾಗಾಗಿ ಪ್ರಿಂಟಿನಲ್ಲಿ ಧ್ವನಿಪಥವನ್ನು ಚಿತ್ರಕ್ಕಿಂತ 20 ಫ್ರೇಮು, ಅಂದರೆ ಹದಿನೈದು ಅಂಗುಲ ಮುಂದಿಟ್ಟಿರುತ್ತಾರೆ. ಫಿಲ್ಮು ಸಮವಾಗಿ ಹರಿಯುವ ಸೌಂಡ್ ಹೆಡ್‌ನಲ್ಲಿ ಎಕ್ಸೈಟರ್ ದೀಪದ ಬೆಳಕಿನಿಂದ ಅದನ್ನು ಓದಲಾಗುತ್ತದೆ. ಲೂಪು ನಾಲ್ಕೈದು ಫ್ರೇಮು ಹೆಚ್ಚಾದರೆ ಸಾಕು, ತುಟಿ ಒಂದು ಕಡೆ, ಮಾತು ಒಂದು ಕಡೆ.

ಡಿಜಿಟಲ್ ಧ್ವನಿ ಬಂದಾಗಲೂ ಫಿಲ್ಮಿನ ಜಾಗವನ್ನೇ ಹಂಚಿಕೊಳ್ಳಬೇಕಾಯಿತು. 1992ರಲ್ಲಿ ಡಾಲ್ಬಿ ತೂತುಗಳ ನಡುವಿನ ಖಾಲಿ ಜಾಗ ಹಿಡಿಯಿತು. 1993ರ 'ಜುರಾಸಿಕ್ ಪಾರ್ಕ್' ಜೊತೆ ಬಂದ ಡಿಟಿಎಸ್ ಧ್ವನಿಯನ್ನು ಬೇರೆ ಸಿಡಿಗಳಲ್ಲಿ ಕಳಿಸಿ, ಫಿಲ್ಮಿನಲ್ಲಿ ಕಾಲಸಂಕೇತ ಮಾತ್ರ ಉಳಿಸಿತು. ಹಳೆಯ ಧ್ವನಿಪಥವನ್ನು ಯಾರೂ ತೆಗೆಯಲಿಲ್ಲ. ಸಂಕೇತ ಕೆಟ್ಟರೆ ಯಂತ್ರ ತಾನಾಗಿ ಅದಕ್ಕೆ ಹಿಂದಿರುಗುತ್ತಿತ್ತು.

ಬೆಳಕು

1950ರ ದಶಕದವರೆಗೆ ಎಲ್ಲೆಡೆ, ಭಾರತದಲ್ಲಿ ಅದಾದ ಎಷ್ಟೋ ವರ್ಷಗಳವರೆಗೆ, ದೀಪವೆಂದರೆ ಕಾರ್ಬನ್ ಆರ್ಕ್. ರೆಕ್ಟಿಫೈಯರಿನಿಂದ ಬಂದ ನೇರ ವಿದ್ಯುತ್ತು ಎರಡು ಕಾರ್ಬನ್ ಕಡ್ಡಿಗಳ ತುದಿಯಲ್ಲಿ ಹೊತ್ತಿಸುವ ಜ್ವಾಲೆಯನ್ನು ಕನ್ನಡಿ ಗೇಟಿಗೆ ಹಾಯಿಸುತ್ತದೆ. ಕಡ್ಡಿಗಳು ಉರಿದು ಸವೆಯುತ್ತಿರುವುದರಿಂದ ನಡುವಿನ ಅಂತರವನ್ನು ಆಟದುದ್ದಕ್ಕೂ ಕಾಯಬೇಕು. ಅಂತರ ತಪ್ಪಿದರೆ ತೆರೆಯ ಒಂದು ಮೂಲೆ ಕಂದುತ್ತದೆ ಅಥವಾ ಇಡೀ ಚಿತ್ರ ಹಳದಿಗೆ ತಿರುಗುತ್ತದೆ. ಹೊಗೆ ಹೋಗಲು ಚಿಮಣಿ, ಜ್ವಾಲೆ ನೋಡಲು ಕಪ್ಪು ಗಾಜು. ಬೇಸಿಗೆಯ ಮಧ್ಯಾಹ್ನದ ಆಟದಲ್ಲಿ ಆ ಕೋಣೆಯ ಸೆಕೆ ಎಂಥದ್ದೆಂದು ಅಲ್ಲಿ ನಿಂತವರಿಗೇ ಗೊತ್ತು.

ಕ್ಸೆನಾನ್ ದೀಪ ಈ ಕಾಯುವಿಕೆಯನ್ನು ಮುಗಿಸಿತು. ತಣ್ಣಗಿದ್ದಾಗಲೂ ಅದರೊಳಗೆ ಅನಿಲ ಒತ್ತಡದಲ್ಲೇ ಇರುವುದರಿಂದ ಮುಖಕವಚ, ದಪ್ಪ ಕೈಗವಸುಗಳಿಲ್ಲದೆ ಅದನ್ನು ಬದಲಿಸಬಾರದು.

ಚೇಂಜ್ ಓವರ್

ಖಾಯಂ ಚಿತ್ರಮಂದಿರದಲ್ಲಿ ಎರಡು ಪ್ರೊಜೆಕ್ಟರುಗಳು. ಎರಡು ಸಾವಿರ ಅಡಿಯವರೆಗಿನ ರೀಲು ಒಂದರಲ್ಲಿ ಓಡುವಾಗ ಮುಂದಿನದು ಇನ್ನೊಂದರಲ್ಲಿ ಸಿದ್ಧ. ರೀಲಿನ ಕೊನೆಗೆ ತೆರೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಹೊಳೆಯುತ್ತದೆ. ಅದು ಬರುವುದು ನಾಲ್ಕೇ ಫ್ರೇಮು, ಸೆಕೆಂಡಿನ ಆರನೇ ಒಂದು ಭಾಗ. ಕಿಟಕಿಯ ಗಾಜಿನಿಂದ ಅದನ್ನೇ ಕಾದಿರುವ ಆಪರೇಟರ್ ಎರಡನೇ ಯಂತ್ರದ ಮೋಟಾರು ಹಾಕುತ್ತಾರೆ. ಆ ಯಂತ್ರದ ಗೇಟಿನಲ್ಲಿ ಚಿತ್ರಕ್ಕೆ ಮುಂಚಿನ ಲೀಡರ್ ಪಟ್ಟಿಯ ಗೊತ್ತಾದ ಅಂಕಿಯನ್ನು ಮೊದಲೇ ನಿಲ್ಲಿಸಿಟ್ಟಿರುವುದರಿಂದ ಅದು ವೇಗ ಹಿಡಿದು ಮೊದಲ ಫ್ರೇಮಿಗೆ ಬರಲು ಬೇಕಾದಷ್ಟೇ ಹೊತ್ತು ನಡುವೆ ಉಳಿದಿದೆ. ಏಳೆಂಟು ಸೆಕೆಂಡಿನ ಮೇಲೆ ಎರಡನೇ ಚುಕ್ಕೆ. ಆ ಕ್ಷಣಕ್ಕೆ ಒಂದು ಯಂತ್ರದ ಬೆಳಕು ಮುಚ್ಚಿ ಇನ್ನೊಂದರದ್ದು ತೆರೆಯಬೇಕು, ಧ್ವನಿಯೂ ದಾಟಬೇಕು. ಸರಿಯಾಗಿ ನಡೆದ ಚೇಂಜ್ ಓವರ್ ಸಭಿಕರಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ಉಸಿರು ಬಿಡುವ ಹೊತ್ತಿಲ್ಲ. ಓಡಿ ಮುಗಿದ ರೀಲನ್ನು ಹಿಂದಕ್ಕೆ ಸುತ್ತಬೇಕು, ಕಾರ್ಬನ್ ಬದಲಿಸಬೇಕು, ಗೇಟಿನಲ್ಲಿ ಕೂತ ಮಸಿಯನ್ನು ಬ್ರಷ್ಷಿನಿಂದ ತೆಗೆಯಬೇಕು, ಮುಂದಿನ ರೀಲು ಹಾಕಬೇಕು. ಒಂದು ಆಟದಲ್ಲಿ ಇದು ಏಳೆಂಟು ಸಲ, ದಿನಕ್ಕೆ ನಾಲ್ಕು ಆಟ.

ಲ್ಯಾಬು ಹಾಕಿದ ಚುಕ್ಕೆ ಸಾಲದೆಂದು ಕೆಲವರು ಮೊಳೆಯಿಂದ ಅಡ್ಡಗೀರು ಹಾಕುತ್ತಿದ್ದರು, ಮತ್ತೆ ಕೆಲವರು ತೂತು ಹೊಡೆಯುತ್ತಿದ್ದರು. ಹತ್ತು ಊರು ಸುತ್ತಿದ ಪ್ರಿಂಟಿನಲ್ಲಿ ಪ್ರತಿ ರೀಲಿನ ಕೊನೆಗೂ ಹತ್ತು ಬಗೆಯ ಗುರುತು. ಮುಂದಿನವರಿಗೆ ಹೋಗಬೇಕಾದ ವಸ್ತುವಿಗೆ ಮಾಡುವ ಈ ಅಪಚಾರವನ್ನು ಕೈಪಿಡಿಗಳು ಖಂಡಿಸಿವೆ. ಆದರೂ ಎಲ್ಲಿಯೂ ಅದು ನಿಲ್ಲಲಿಲ್ಲ.

ಸಿನಿಮಾಸ್ಕೋಪ್ ಬಂದ ಮೇಲೆ ಮಸೂರದ ಕೆಲಸವೂ ಸೇರಿತು. ಕನ್ನಡದ ಮೊದಲ ಸ್ಕೋಪ್ ಚಿತ್ರ 1977ರ 'ಸೊಸೆ ತಂದ ಸೌಭಾಗ್ಯ'. ಅಡ್ಡಕ್ಕೆ ಅರ್ಧ ಅದುಮಿದ ಚಿತ್ರವನ್ನು ಹಿಗ್ಗಿಸುವ ಮಸೂರ, ಅದಕ್ಕೆ ತಕ್ಕ ಗೇಟಿನ ಚೌಕಟ್ಟು ಎರಡನ್ನೂ ಬದಲಿಸಬೇಕು. ಮರೆತರೆ ನಟರೆಲ್ಲ ತೆಳ್ಳಗೆ, ಉದ್ದಕ್ಕೆ. ರಾಮನಗರದ ಬಂಡೆಗಳ ನಡುವೆ ಚಿತ್ರಣಗೊಂಡ 'ಶೋಲೆ' 1975ರಲ್ಲಿ 70 ಮಿ.ಮೀ. ಪ್ರಿಂಟುಗಳಲ್ಲಿ ಬಿಡುಗಡೆಯಾಯಿತು. 70 ಮಿ.ಮೀ. ಫಿಲ್ಮಿನ ಅಂಚುಗಳಲ್ಲಿ ಧ್ವನಿಗೆ ಕಾಂತೀಯ ಪಟ್ಟಿಗಳಿರುತ್ತಿದ್ದುದರಿಂದ ಕಾಂತತ್ವ ಹಿಡಿದ ಕತ್ತರಿ ತಗುಲಿದರೂ ಮಾತಿನ ನಡುವೆ ಟಪ್ಪೆಂಬ ಸದ್ದು ಕೂತುಬಿಡುತ್ತಿತ್ತು.

ಟೆಂಟ್ ಸಿನಿಮಾ

ಟೂರಿಂಗ್ ಟಾಕೀಸುಗಳಲ್ಲಿ ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ದೀಪ ಹತ್ತಿಸಿ ಮುಂದಿನದನ್ನು ಹಾಕಬೇಕಿತ್ತು, ಅದೇ ಬಿಡುವಿನಲ್ಲಿ ಕಡಲೆಕಾಯಿ, ಸೋಡಾ ಮಾರಾಟ. ಕತ್ತಲಾಗುವ ಮೊದಲು ಘಂಟಸಾಲರ ವೆಂಕಟೇಶ ಸ್ತುತಿಯ ತಟ್ಟೆ ಮೈಕಿನಲ್ಲಿ ಕೇಳಿಸಿದರೆ ಟಿಕೆಟು ಶುರುವಾಯಿತೆಂದು ಸುತ್ತಲ ಹಳ್ಳಿಗಳು ತಿಳಿದುಕೊಳ್ಳುತ್ತಿದ್ದವು. ಪ್ರಿಂಟುಗಳ ಕೊರತೆಯಿದ್ದಾಗ ಒಂದೇ ಪ್ರಿಂಟನ್ನು ಹತ್ತಿರದ ಎರಡು ಚಿತ್ರಮಂದಿರಗಳು ಹಂಚಿಕೊಳ್ಳುವುದೂ ಇತ್ತು. ಇಲ್ಲಿ ಮುಗಿದ ರೀಲು ಸೈಕಲ್ಲಿನ ಮೇಲೆ ಅಲ್ಲಿಗೆ ಓಡುತ್ತಿತ್ತು. ಸೈಕಲ್ ಪಂಕ್ಚರಾದರೆ ಅಲ್ಲಿನ ಮಧ್ಯಂತರ ಉದ್ದವಾಗುತ್ತಿತ್ತು. ಧೂಳಿನ ಬಯಲು, ಜನರೇಟರಿನ ಏರಿಳಿಯುವ ವಿದ್ಯುತ್ತು, ಆಗಲೇ ಸವೆದ ಪ್ರಿಂಟು, ಇಷ್ಟರ ನಡುವೆಯೂ ಚಿತ್ರ ಕಡಿಯದಂತೆ ಆಟ ಮುಗಿಸುತ್ತಿದ್ದ ಟೆಂಟಿನ ಆಪರೇಟರುಗಳ ಕೌಶಲ ನಗರದವರಿಗಿಂತ ಒಂದು ಕೈ ಮೇಲೆಂದೇ ಹೇಳಬೇಕು.

ಬೆಂಕಿ

1950ರ ಸುಮಾರಿನವರೆಗೆ 35 ಮಿ.ಮೀ. ಫಿಲ್ಮು ತಯಾರಾಗುತ್ತಿದ್ದುದು ಸೆಲ್ಯುಲೋಸ್ ನೈಟ್ರೇಟಿನಿಂದ. ಅದು ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ. ನೀರಿನೊಳಗೂ ಉರಿಯುತ್ತದೆ, ವಿಷಾನಿಲ ಕಾರುತ್ತದೆ. ಗೇಟಿನಲ್ಲಿ ಕ್ಷಣ ನಿಂತರೂ ಆರ್ಕಿನ ಶಾಖಕ್ಕೆ ಹೊತ್ತಿಕೊಳ್ಳಬಲ್ಲದು. 1929ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಪೇಸ್ಲಿಯ ಗ್ಲೆನ್ ಸಿನಿಮಾದಲ್ಲಿ ಡಬ್ಬದಲ್ಲಿದ್ದ ಒಂದು ರೀಲು ಹೊಗೆಯಾಡಿತು. ಬೆಂಕಿ ಹರಡಲೇ ಇಲ್ಲ. ಗಾಬರಿಯಿಂದ ಬಾಗಿಲಿಗೆ ನುಗ್ಗಿದ ಮಕ್ಕಳಲ್ಲಿ ಸುಮಾರು 70 ಮಂದಿ ಸತ್ತರು. ಸಿನಿಮಾ ಕಾನೂನುಗಳು ಹುಟ್ಟಿದ್ದು ನೈಟ್ರೇಟಿನ ಬೆಂಕಿಯ ಭಯದಿಂದಲೇ: ಬ್ರಿಟನ್ನಿನ 1909ರ ಕಾಯಿದೆ, ಭಾರತದ 1918ರ ಕಾಯಿದೆ, ಅವುಗಳ ಜಾಡಿನಲ್ಲಿ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯಿದೆ. ಬೆಂಕಿ ಹಿಡಿಯದ ಗೋಡೆಯ ಪ್ರತ್ಯೇಕ ಕೋಣೆ, ತಟ್ಟನೆ ಬೀಳುವ ಕಿಟಕಿಯ ತಗಡು, ಮರಳಿನ ಬಕೆಟ್ಟು, ಪರವಾನಗಿ ಪಡೆದ ಆಪರೇಟರ್ ಎಂಬ ನಿಯಮಗಳೆಲ್ಲ ನೈಟ್ರೇಟಿನ ಕಾಲದ ಬಳುವಳಿ. ಕೊಡಕ್ 1948ರಲ್ಲಿ ತಂದ ಟ್ರೈಅಸಿಟೇಟ್ ಹಾಳೆ ಬೆಂಕಿಯ ಭಯ ನೀಗಿಸಿತು. ಸೆಕೆ ಮತ್ತು ತೇವದಲ್ಲಿ ಕೊಳೆತು ವಿನೆಗರ್ ವಾಸನೆ ಬೀರುವುದು ಅದರ ರೋಗ.

ಡಿಸ್ಕು, ಪಾಲಿಯೆಸ್ಟರ್, ಡಿಜಿಟಲ್

ಕ್ಸೆನಾನ್ ದೀಪ ಗಂಟೆಗಟ್ಟಲೆ ತಾನಾಗಿ ಉರಿಯುವುದರಿಂದ ರೀಲುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಒಂದೇ ಯಂತ್ರದಲ್ಲಿ ಓಡಿಸುವುದು ಸಾಧ್ಯವಾಯಿತು. ಜರ್ಮನಿಯ ವಿಲ್ಲಿ ಬುರ್ತ್ 1960ರ ದಶಕದಲ್ಲಿ ರೂಪಿಸಿದ ಅಡ್ಡ ತಟ್ಟೆಗಳ ವ್ಯವಸ್ಥೆಯಲ್ಲಿ ಫಿಲ್ಮು ಒಂದು ತಟ್ಟೆಯ ನಡುವಿನಿಂದ ಹೊರಟು ಇನ್ನೊಂದರ ಮೇಲೆ ಸುತ್ತಿಕೊಳ್ಳುತ್ತದೆ. ರಿವೈಂಡ್ ಮಾಡುವ ಅಗತ್ಯವೇ ಇಲ್ಲ. ಒಬ್ಬರೇ ಹಲವು ತೆರೆಗಳನ್ನು ನೋಡಿಕೊಳ್ಳಬಹುದಾದ್ದರಿಂದ ಮಲ್ಟಿಪ್ಲೆಕ್ಸುಗಳು ಲಾಭದಾಯಕವಾದವು. ಆಟದುದ್ದಕ್ಕೂ ಯಂತ್ರದ ಬಳಿ ನಿಂತು ಫೋಕಸ್ಸು ತಿದ್ದುವ, ಗೆರೆ ಬಿದ್ದ ಕೂಡಲೇ ಕಾರಣ ಹುಡುಕುವ ಮನುಷ್ಯ ಮರೆಯಾದದ್ದು ಆಗಲೇ. ಡಿಜಿಟಲ್ ಬಂದದ್ದು ಆಮೇಲೆ. 1990ರ ದಶಕದಲ್ಲಿ ಪ್ರಿಂಟುಗಳು ಪಾಲಿಯೆಸ್ಟರಿಗೆ ಬದಲಾದವು. ಅದು ಹರಿಯುವುದಿಲ್ಲ, ಸಿಮೆಂಟಿಗೆ ಕರಗುವುದೂ ಇಲ್ಲ. ಸಿಕ್ಕಿಹಾಕಿಕೊಂಡರೆ ಫಿಲ್ಮಿನ ಬದಲು ಯಂತ್ರದ ಭಾಗಗಳೇ ಬಾಗುತ್ತಿದ್ದವು.

2005ರಲ್ಲಿ ಹಾಲಿವುಡ್ ಸ್ಟುಡಿಯೊಗಳು ಡಿಜಿಟಲ್ ಪ್ರದರ್ಶನದ ಮಾನದಂಡ ಪ್ರಕಟಿಸಿದವು. ಭಾರತದಲ್ಲಿ ಯುಎಫ್‌ಒ, ಕ್ಯೂಬ್ ಎಂಬ ಡಿಜಿಟಲ್ ಜಾಲಗಳು ಹತ್ತು ವರ್ಷದೊಳಗೆ ಪ್ರಿಂಟಿನ ವ್ಯವಹಾರವನ್ನೇ ಮುಗಿಸಿದವು. ಫ್ಯೂಜಿಫಿಲ್ಮ್ 2013ರಲ್ಲಿ ಸಿನಿಮಾ ಫಿಲ್ಮಿನ ತಯಾರಿಕೆ ನಿಲ್ಲಿಸಿತು. ಸಣ್ಣ ಊರಿಗೂ ಬಿಡುಗಡೆಯ ದಿನವೇ ಹೊಸ ಚಿತ್ರ ಸಿಗುವಂತಾದದ್ದು ಈ ಬದಲಾವಣೆಯ ನಿಜವಾದ ಲಾಭ. ಫಿಲ್ಮು ಪೂರ್ತಿ ಹೋಗಲಿಲ್ಲ: 2023ರ 'ಆಪನ್‌ಹೈಮರ್' ಜಗತ್ತಿನ 30 ಚಿತ್ರಮಂದಿರಗಳಲ್ಲಿ 70 ಮಿ.ಮೀ. ಐಮ್ಯಾಕ್ಸ್ ಪ್ರಿಂಟಿನಲ್ಲಿ ಓಡಿತು. ಆ ಪ್ರಿಂಟಿನ ಉದ್ದ ಸುಮಾರು 18 ಕಿಲೋಮೀಟರ್, ತೂಕ ಸುಮಾರು 270 ಕಿಲೋ. ಅವುಗಳಲ್ಲಿ ಒಂದು ಚಿತ್ರಮಂದಿರವೂ ಭಾರತದ್ದಲ್ಲ.

ಉಳಿದಿರುವುದು

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರಿಂಟೂ ಇಂದು ಇಲ್ಲ. 1931ರ 'ಆಲಂ ಆರಾ'ದ್ದೂ ಅದೇ ಗತಿ. ಓಡಿ ಸವೆದ ಪ್ರಿಂಟುಗಳನ್ನು ಬೆಳ್ಳಿಗಾಗಿ ಕರಗಿಸುವುದು ಆ ಕಾಲದ ರೂಢಿ. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಪಿ.ಕೆ. ನಾಯರ್ ಅವರ ದುಡಿಮೆಯಿಂದ, ಉಳಿದದ್ದನ್ನು ಕೂಡಿಹಾಕಿತು. 2003ರ ಜನವರಿಯಲ್ಲಿ ಅಲ್ಲಿನ ನೈಟ್ರೇಟ್ ಭಂಡಾರಕ್ಕೆ ಬೆಂಕಿ ಬಿದ್ದು ಬಹಳಷ್ಟು ಚಿತ್ರಗಳು ಬೂದಿಯಾದವು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಮರುಸಂಸ್ಕಾರಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಆ ಕೆಲಸಕ್ಕೆ ಆಧಾರವಾದದ್ದು ಪುಣೆಯಲ್ಲಿ ಉಳಿದಿದ್ದ ಮೂಲ ನೆಗೆಟಿವ್.

ಸಂಗ್ರಹಾಲಯದ ಪ್ರಿಂಟಿಗೆ ಬದಲಿ ಇರುವುದಿಲ್ಲ. ಆದ್ದರಿಂದ ಅದನ್ನು ಎರವಲು ಕೊಡುವಾಗ ವಿಧಿಸುವ ಷರತ್ತುಗಳು ಹಳೆಯ ಒಳ್ಳೆಯ ಆಪರೇಟರುಗಳು ಪಾಲಿಸುತ್ತಿದ್ದ ಶಿಸ್ತನ್ನೇ ಕೇಳುತ್ತವೆ. ಎರಡು ಪ್ರೊಜೆಕ್ಟರು, ಚೇಂಜ್ ಓವರ್ ಇರಲೇಬೇಕು. ಅಂಟಿಸಲು ರೀಲಿನ ತಲೆ ಬಾಲ ಕತ್ತರಿಸಬೇಕಾಗುವುದರಿಂದ ತಟ್ಟೆ ವ್ಯವಸ್ಥೆ ಸಲ್ಲದು. ಹೊಸ ಗುರುತು ಹಾಕಕೂಡದು. ಪ್ರತಿ ರೀಲನ್ನೂ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಮೇಜಿನ ಮೇಲೆ ಓಡಿಸಿ ಗೀರು, ಜಾಯಿಂಟು, ಕುಗ್ಗಿದ ಅಳತೆ ಬರೆದಿಡಬೇಕು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ 2015ರಿಂದ ನಡೆಸುತ್ತಿರುವ ಶಿಬಿರಗಳಲ್ಲಿ ಫಿಲ್ಮಿನ ತಪಾಸಣೆ ಮತ್ತು ದುರಸ್ತಿಯನ್ನು ಹೊಸಬರಿಗೆ ಕಲಿಸಲಾಗುತ್ತಿದೆ. ಕರ್ನಾಟಕದ ಕಾರ್ಬನ್ ಕಾಲದ ಆಪರೇಟರುಗಳಲ್ಲಿ ಈಗಲೂ ಇರುವವರನ್ನು ಕರೆದು ಕೂರಿಸಿ, ಅವರ ಕೈಕೆಲಸವನ್ನು ಚಿತ್ರೀಕರಿಸಿ ದಾಖಲಿಸುವುದು ಬೇಗ ಆಗಬೇಕಾದ ಕೆಲಸ.